ಮಂದ್ರಸ್ವರದ ಸಾಧನೆ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕರಾವಳಿಯ ಮದುವೆ, ಉತ್ಸವಗಳಲ್ಲಿ ಸ್ಯಾಕ್ಸೊಫೋನು ಇಂದು ಮಂಗಳವಾದ್ಯವೇ ಆಗಿದೆ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸನು 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಲಿಸಿಕೊಟ್ಟವರು ಬಂಟ್ವಾಳ ತಾಲೂಕಿನಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು. ನಾಗಸ್ವರದ ಮನೆತನದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದರ ನಾದಕ್ಕೆ ಮನಸೋತು ವರ್ಷಗಟ್ಟಲೆ ಸಾಧಿಸಿದರು. 1980ರಲ್ಲಿ ನಮ್ಮ ಮುಂಬಯಿಯ ಜಾಝ್ ಉತ್ಸವದಲ್ಲಿಯೇ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದರು. 2019ರಲ್ಲಿ ಅವರು ನಮ್ಮನ್ನಗಲಿದರು, ನಾದ ಉಳಿದಿದೆ.

ಅದನ್ನು ಕೇಳಿ ವಾದ್ಯ ಹಿಡಿದ ನಮ್ಮ ಮಕ್ಕಳು ಎಡವುವುದು ಮಂದ್ರಸ್ಥಾಯಿಯಲ್ಲಿ. ಸ್ವರವು ಒಡೆಯುತ್ತದೆ, ಇಲ್ಲವೇ ಮೇಲಿನ ಸ್ಥಾಯಿಗೆ ಹಾರುತ್ತದೆ. ಹುಡುಗ ತುಟಿ ಬಿಗಿದು ಇನ್ನೂ ಜೋರಾಗಿ ಊದುತ್ತಾನೆ. ಪಕ್ಕದ ಮನೆಯವರು ಗೋಡೆ ತಟ್ಟುತ್ತಾರೆ. ಕಡೆಗೆ ವಾದ್ಯ ಅಟ್ಟ ಸೇರುತ್ತದೆ.

ಕಾರಣ ಸರಳವಾದುದು. ಮಂದ್ರಕ್ಕೆ ಕೊಳವೆಯ ಬಹುತೇಕ ರಂಧ್ರಗಳು ಮುಚ್ಚಿ, ಉದ್ದನೆಯ ಗಾಳಿಕಂಬ ನಿಧಾನವಾಗಿ ಕಂಪಿಸಬೇಕು. ಕೆಳದವಡೆ ರೀಡನ್ನು ಅದುಮಿದರೆ ಆ ಕಂಪನಕ್ಕೆ ಎಡೆಯೆಲ್ಲಿ? ಆದ್ದರಿಂದ ಬಾಯಿಯ ಅಂಚುಗಳು ಬಿಗಿಯಾಗಿರಲಿ, ದವಡೆ ಸಡಿಲವಾಗಿರಲಿ. ಗಂಟಲು ಆಕಳಿಸುವಾಗಿನಂತೆ ತೆರೆದಿರಲಿ. ಉಸಿರು ಹೊಟ್ಟೆಯಿಂದ ಸಮನಾಗಿ ಹರಿಯಲಿ. ನಡುಸ್ಥಾಯಿಯ ಸುಲಭಸ್ವರದಿಂದ ಹೊರಟು, ಒಂದೊಂದನ್ನೂ ಆದಿತಾಳದ ಒಂದು ಆವರ್ತದಷ್ಟು ಹಿಡಿಯುತ್ತ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಬೇಕು. ಸ್ವರ ಒಡೆದರೆ ಒಂದು ಮೆಟ್ಟಿಲು ಮೇಲೆ ಬಂದು, ಬಾಯಿಯನ್ನು ಬದಲಿಸದೆ ಮತ್ತೆ ಇಳಿಯಬೇಕು.

ಇಷ್ಟಾದರೂ ಮಂದ್ರ ಬಾರದಿದ್ದರೆ ಮಗುವನ್ನು ಗದರಬೇಡಿ, ವಾದ್ಯವನ್ನು ಪರೀಕ್ಷಿಸಿ. ಇಲ್ಲಿಯ ಮಳೆಗಾಲದ ತೇವಕ್ಕೆ ರಂಧ್ರ ಮುಚ್ಚುವ ಚರ್ಮದ ಮೆತ್ತೆಗಳು ಉಬ್ಬಿ, ಗಾಳಿ ಸೋರುವುದುಂಟು. ಎಲ್ಲಿ ಸೋರಿದರೂ ಮೊದಲು ಕೆಡುವುದು ಮಂದ್ರವೇ. ನುಡಿಸಿದ ಮೇಲೆ ಕೊಳವೆಯನ್ನು ಒರಸಿ, ರೀಡನ್ನು ಕಳಚಿ ಒಣಗಿಸಿಡುವುದು ಒಳ್ಳೆಯದು.

ಎರಡು ಕೋಣೆಯ ಮನೆಗಳಲ್ಲಿ ಬಾಳುವ ನಮಗೆ ನೆರೆಹೊರೆಯ ಸಂಕೋಚ ಸಹಜ. ಆದರೆ ದವಡೆ ಸಡಿಲಿಸಲು ಕಲಿತವನಿಗೆ ಜೋರಿನ ಹಂಗಿಲ್ಲ. ಮಂದ್ರವನ್ನು ಮೆಲ್ಲನೆಯೂ ನುಡಿಸಬಹುದು. ಸಂಜೆ ಅರ್ಧ ಗಂಟೆ ಕಿಟಕಿ ಮುಚ್ಚಿ ಮಕ್ಕಳಿಗೆ ಅವಕಾಶ ಕೊಡೋಣ. ನೆರೆಯವರಿಗೆ ಮೊದಲೇ ಒಂದು ಮಾತು ಹೇಳಿಡೋಣ. ಅಟ್ಟ ಸೇರಿದ ವಾದ್ಯಗಳು ಮುಂದಿನ ರಾಜ್ಯೋತ್ಸವಕ್ಕೆ ಈ ವೇದಿಕೆಯ ಮೇಲೆ ನುಡಿಯಲಿ ಎಂದು ಹಾರೈಸಿ ವಿರಮಿಸುತ್ತೇವೆ.