ಪಾಲಿನ ಹೇಟೆ

ಭಾಷಣ ಅಂದ್ರೆ ನಂಗೆ ಭಯ, ಅದಕ್ಕೇ ಕೋಳಿ ವಿಷಯ ಹೇಳ್ತೀನಿ.

ನಾನು ಐದನೇ ಕ್ಲಾಸಲ್ಲಿದ್ದಾಗ ಅಜ್ಜಿ ಊರೊಳಗಿನ ಮನೆಯೊಂದರಿಂದ ಗಿಡ್ಡಕಾಲಿನ ಹೇಟೆ ಪಾಲಿಗೆ ತಂದಳು. ಪಾಲು ಅಂದ್ರೆ ನಿಮಗೆ ಗೊತ್ತೇ ಇದೆ: ಕೋಳಿ ಅವರದು, ಸಾಕೋದು ನಾವು, ಮರಿ ಅರ್ಧರ್ಧ. ಹಳೇ ಮಂಕರಿಗೆ ಹೇನು ಹತ್ತದಂಗೆ ಬೂದಿ ಹಾಕಿ, ಮೇಲೆ ಹುಲ್ಲು ಹಾಸಿ, 11 ಮೊಟ್ಟೆ ಇಟ್ಟು ಕಾವಿಗೆ ಕೂರಿಸಿದೆವು. ದಿನಾ ಗೋಡೆಗೆ ಇದ್ದಲಲ್ಲಿ ಗೀಟು ಎಳೀತಿದ್ದೆ. 21ನೇ ಗೀಟಿಗೆ 9 ಮರಿ! ಒಂದನ್ನ ಹದ್ದು ಒಯ್ತು.

ಅವರ ಪಾಲಿನ ನಾಲ್ಕನ್ನ ನಾನೇ ಕೊಟ್ಟು ಬರೋಕೆ ಹೋದೆ. ನನ್ನ ಚಾಪೆ ಪಕ್ಕದಲ್ಲೇ ಮಲಗಿ ಬೆಳೆದ ಮರಿಗಳು. ಆಯಮ್ಮ ಅವನ್ನ ಬರಿಗೈಲಿ ಎತ್ತಿ ಮಡಿಲಿಗೆ ಹಾಕ್ಕೊಂಡರು. ನಾನು ನೀರು ಕೇಳಿದ್ದಕ್ಕೆ ಮಾತ್ರ ಮೇಲಿಂದ ಬೊಗಸೆಗೆ ಹುಯ್ದರು.

ಮನೆಗೆ ಬಂದು ಹೇಳಿದೆ. ಅಜ್ಜಿ ಏನೂ ಅನ್ನಲಿಲ್ಲ. ಮಾರನೇ ದಿನ ಹೇಟೆಯನ್ನ ವಾಪಸ್ ಬಿಟ್ಟು ಬಂದಳು.

ಆ ಬೇಸಿಗೆ ಕೊಕ್ಕರೆ ರೋಗಕ್ಕೆ ನಮ್ಮವು ಎರಡು ಸತ್ತವು. ಅದಕ್ಕೆ ಲಸಿಕೆ ಇದೆ ಅಂತ ಆಗ ಗೊತ್ತಿರಲಿಲ್ಲ, ನೀವು ಹಾಕಿಸಿ. ಉಳಿದೆರಡರ ಸಂತಾನ ಈಗಲೂ ನಮ್ಮ ಹಿತ್ತಲಲ್ಲಿದೆ. ಮೊಟ್ಟೆ ಮಾರಿದ ದುಡ್ಡಲ್ಲೇ ಬಿ.ಎ. ಪರೀಕ್ಷೆ ಫೀಸು ಕಟ್ಟಿದೆ. ಮರಿ ಬೇಕಾದವರು ಸಂಜೆ ಬನ್ನಿ. ಪಾಲಿಗಲ್ಲ, ಸುಮ್ನೇ ಕೊಡ್ತೀನಿ.