ಮುಟ್ಟಿ ಕಲಿಯಬೇಕಾದ ಅಕ್ಷರ

(ವಿದ್ಯಾರ್ಥಿನಿಲಯದ ಗೆಳೆಯರ ಸಭೆಯಲ್ಲಿ ಆಡಿದ ಮಾತು. ಕೇಳಿದವರ ಒತ್ತಾಯಕ್ಕೆ ಬರವಣಿಗೆಗೆ ಇಳಿಸಿದೆ.)



ಇವತ್ತು ಕವಿತೆ ಓದ್ತೀನಿ ಅಂದ್ಕೊಂಡು ಕೆಲವರು ಬಂದಿದ್ದೀರಿ. ಕವಿತೆ ಆಮೇಲೆ ಓದೋಣ. ಕವಿತೆ ಓದೋಕೆ ಮೊದಲು ಅಕ್ಷರ ಬರಬೇಕಲ್ಲ, ಆ ಅಕ್ಷರದ ಮಾತು ಆಡೋಣ. ಒಂದನೇ ಕ್ಲಾಸು, ಎರಡನೇ ಕ್ಲಾಸು, ಮೂರನೇ ಕ್ಲಾಸು. ಈ ಮೂರು ವರ್ಷದಲ್ಲಿ ನಮ್ಮ ಕೇರಿಯ ಮಗುವಿಗೆ ಏನು ಕಲಿಸ್ತಾರೆ, ಹೇಗೆ ಕಲಿಸ್ತಾರೆ ಅನ್ನೋದೇ ಇವತ್ತಿನ ವಿಷಯ.

ಅದು ಮೇಷ್ಟ್ರ ಟ್ರೈನಿಂಗ್ ಮಾಡಿದವರ ತಲೆನೋವು, ನಮಗ್ಯಾಕೆ ಅನ್ನಬೇಡಿ. ಈ ಹಾಸ್ಟೆಲ್ಲಿನಲ್ಲಿ ಕೂತಿರೋ ನಾವೆಲ್ಲ ಆ ಮೂರು ವರ್ಷ ದಾಟಿ ಉಳ್ಕೊಂಡವರು. ನಿಮ್ಮ ಜೊತೆ ಒಂದನೇ ಕ್ಲಾಸಿಗೆ ಸೇರಿದ ಕೇರಿಯ ಮಕ್ಕಳನ್ನ ಮನಸ್ಸಲ್ಲೇ ಎಣಿಸಿಕೊಳ್ಳಿ. ಎಷ್ಟು ಜನ ಇಲ್ಲಿದ್ದಾರೆ? ಉಳಿದವರು ಗಾರೆ ಕೆಲಸದಲ್ಲಿದ್ದಾರೆ, ಇಟ್ಟಿಗೆ ಗೂಡಿನಲ್ಲಿದ್ದಾರೆ, ಯಾರದೋ ತೋಟದಲ್ಲಿದ್ದಾರೆ. ಅವರಿಗೆ ಬುದ್ಧಿ ಇರಲಿಲ್ಲವೆ? ವಾರದ ಕೂಲಿಯಲ್ಲಿ ಎಷ್ಟು ಮುರ್ಕೊಂಡ ಅಂತ ಬಾಯಲ್ಲೇ ಲೆಕ್ಕ ಹೇಳ್ತಾರೆ. ಅಂಥವರಿಗೆ ಶಾಲೆಯಲ್ಲಿ ಮಾತ್ರ ಲೆಕ್ಕ ಹತ್ತಲಿಲ್ಲ. ತಪ್ಪು ಎಲ್ಲಿದೆ ಅಂತ ಹುಡುಕಬೇಕಾದ್ದು ಅವರ ತಲೆಯಲ್ಲಲ್ಲ.

ಸಣ್ಣ ಮಗು ಕಿವಿಯಿಂದ ಮಾತ್ರ ಕಲಿಯೋದಿಲ್ಲ. ಮುಟ್ಟಿ ನೋಡುತ್ತೆ, ಬಾಯಿಗೆ ಹಾಕ್ಕೊಂಡು ನೋಡುತ್ತೆ, ಬೀಳಿಸಿ ನೋಡುತ್ತೆ. ಹಿಂದಿನ ಕೂಲಿಮಠಗಳಿಗೂ ಇದು ಗೊತ್ತಿತ್ತು. ಅಲ್ಲಿ ಮಗು ಮರಳಿನ ಮೇಲೆ ಬೆರಳಲ್ಲಿ ತಿದ್ದುತ್ತಿತ್ತು, ಅಯ್ಯನವರು ಪಕ್ಕ ಕೂತು ಬೆರಳು ಹಿಡಿದು ತಿದ್ದಿಸ್ತಿದ್ರು. ಅಕ್ಷರ ಮೊದಲು ಕೈಗೆ ಬರ್ತಿತ್ತು, ಆಮೇಲೆ ಕಣ್ಣಿಗೆ. ಒಳ್ಳೆ ಪದ್ಧತಿಯೇ. ನಮ್ಮ ಪ್ರಶ್ನೆ ಒಂದೇ: ನಮ್ಮ ಮಗುವಿನ ಬೆರಳನ್ನ ಯಾರು ಹಿಡೀಬೇಕಾಗಿತ್ತು?

ಇದು ಮಾತಿನ ಚಮತ್ಕಾರ ಅಲ್ಲ, ಚರಿತ್ರೆ. 1856ರಲ್ಲಿ ನಮ್ಮ ಧಾರವಾಡದಲ್ಲೇ ಒಬ್ಬ ಮಹಾರ ಹುಡುಗ ಸರ್ಕಾರಿ ಶಾಲೆಗೆ ಸೇರಿಸ್ಕೊಳ್ಳಿ ಅಂತ ಅರ್ಜಿ ಹಾಕಿದ. ಸೇರಿಸ್ಕೊಳ್ಳಲಿಲ್ಲ. ದೂರು ಮುಂಬಯಿ ಸರ್ಕಾರದವರೆಗೆ ಹೋಯ್ತು. ನ್ಯಾಯ ಹುಡುಗನ ಕಡೆಗಿದೆ ಅಂತ ಆ ಸರ್ಕಾರವೇ ಒಪ್ಪಿಕೊಳ್ತು. ಆದರೆ ಇವನೊಬ್ಬನನ್ನ ಒಳಗೆ ಬಿಟ್ಟರೆ ಉಳಿದವರು ಶಾಲೆ ಬಿಡ್ತಾರೆ ಅಂತ ಬಾಗಿಲು ಹಾಕ್ತು. ಆ ಹುಡುಗ ಏನಾದ ಅಂತ ಚರಿತ್ರೆ ಬರೆದಿಲ್ಲ. ಅರ್ಜಿ ಉಳಿದಿದೆ, ಹುಡುಗ ಉಳಿದಿಲ್ಲ.

ಬಾಗಿಲು ತೆಗೆದ ಮೇಲಾದರೂ ಏನಾಯ್ತು? ಬಾಬಾಸಾಹೇಬರು ಸಾತಾರದ ಶಾಲೆಯಲ್ಲಿ ಮನೆಯಿಂದ ಗೋಣಿತಾಟು ತಗೊಂಡು ಹೋಗಿ ಮೂಲೆಯಲ್ಲಿ ಬೇರೆ ಕೂರಬೇಕಾಗಿತ್ತು. ಕಸ ಗುಡಿಸೋ ಆಳು ಕೂಡ ಆ ಗೋಣಿ ಮುಟ್ಟುತ್ತಿರಲಿಲ್ಲ, ಸಂಜೆ ಅದನ್ನ ಮನೆಗೆ ಹೊತ್ಕೊಂಡು ಹೋಗಬೇಕು. ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು. ಆಮೇಲೆ ಮುಂಬಯಿಯ ಹೈಸ್ಕೂಲಿನಲ್ಲಿ ಮೇಷ್ಟ್ರು ಅವರನ್ನ ಬೋರ್ಡಿನ ಹತ್ತಿರ ಕರೆದಾಗ, ಬೋರ್ಡಿನ ಹಿಂದೆ ಇಟ್ಟಿದ್ದ ಬುತ್ತಿಗಳನ್ನ ತೆಕ್ಕೊಳ್ಳೋಕೆ ಮಕ್ಕಳು ಎದ್ದು ಓಡಿದ ಸಂಗತಿ ಅವರ ಜೀವನಚರಿತ್ರೆಯಲ್ಲಿದೆ. ನೋಡಿ, ಕರೀ ಹಲಗೆ ಮುಟ್ಟೋದೇ ಒಂದು ಗಲಾಟೆ. ಇಂಥ ಕಡೆ ‘ಮಗು ಮುಟ್ಟಿ ಕಲಿಯಲಿ’ ಅಂತ ಹೇಳೋದು ಬರೀ ಪಾಠದ ವಿಧಾನ ಹೇಗಾಗುತ್ತೆ? ಅದು ಜಾತಿಯ ಬೇರಿಗೆ ಕೈ ಹಾಕಿದ ಹಾಗೆ. ಆದ್ದರಿಂದಲೇ ಇದು ನಮ್ಮ ಚಳವಳಿಯ ವಿಷಯ.

ಈಗ ಪೇಟೆಯಲ್ಲಿ ‘ಮಾಂಟೆಸ್ಸರಿ’ ಅಂತ ಬೋರ್ಡು ಹಾಕಿರೋ ಶಾಲೆಗಳನ್ನ ನೋಡಿರ್ತೀರಿ. ಒಳಗೆ ಮರದ ಮಣಿ, ಬಣ್ಣದ ತುಂಡು, ಗೇಟಿನ ಹೊರಗೆ ಕಾರು. ಫೀಸು ಕೇಳಿದರೆ ನಮ್ಮ ಅಪ್ಪಂದಿರು ಅಲ್ಲೇ ಕೂತುಬಿಡ್ತಾರೆ. ಆದರೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ಮೊದಲ ಮಕ್ಕಳ ಮನೆ ತೆಗೆದದ್ದು ರೋಮ್ ನಗರದ ಸಾನ್ ಲೊರೆಂಜೊ ಅನ್ನೋ ಬಡವರ ಕೇರಿಯಲ್ಲಿ. ಅಪ್ಪ ಅಮ್ಮ ಕೂಲಿಗೆ ಹೋದ ಮೇಲೆ ಬೀದಿಯಲ್ಲಿ ಉಳಿಯುತ್ತಿದ್ದ ಮಕ್ಕಳು ಅವು. ಆಕೆ ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ಅಂಟಿಸಿ, ಮಕ್ಕಳ ಬೆರಳಿಂದ ಅದರ ಮೇಲೆ ಸವರಿಸಿದಳು. ಕೂಲಿಮಠದ ಮರಳೇ ಬೇರೆ ರೂಪದಲ್ಲಿ. ಬಡವರ ಕೇರಿಯಲ್ಲಿ ಹುಟ್ಟಿದ್ದು ಇವತ್ತು ಉಳ್ಳವರ ಅಂಗಡಿಯ ಸರಕಾಗಿದೆ. ಅದನ್ನ ವಾಪಸ್ ಕೇಳೋ ಹಕ್ಕು ನಮಗಿದೆ.

ನಮ್ಮದೇ ಪರಂಪರೆಯೂ ಇದೆ. ಜೋತಿಬಾ ಫುಲೆ, ಸಾವಿತ್ರಿಬಾಯಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆಗೆದದ್ದು 1848ರಲ್ಲಿ. ಅವರ ಶಾಲೆಯಲ್ಲಿ ಓದಿದ ಮಾಂಗ ಜಾತಿಯ ಹುಡುಗಿ ಮುಕ್ತಾಬಾಯಿ 1855ರಲ್ಲಿ, ಇನ್ನೂ ಹದಿನಾಲ್ಕು ವರ್ಷದವಳಿದ್ದಾಗ, ಮಾಂಗ ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ ಅಚ್ಚಾಯಿತು. ಅಕ್ಷರ ಕೈಗೆ ಸಿಕ್ಕ ಕೂಡಲೆ ಆ ಹುಡುಗಿ ಏನು ಬರೆದಳು ನೋಡಿ. 1882ರಲ್ಲಿ ಹಂಟರ್ ಆಯೋಗದ ಮುಂದೆ ಫುಲೆ ಇನ್ನೊಂದು ಮಾತು ಹೇಳಿದರು. ಪ್ರಾಥಮಿಕ ಶಾಲೆಯ ಮೇಷ್ಟ್ರು ಬೇಸಾಯದ ಜನರಿಂದಲೇ ಬರಬೇಕು, ನೇಗಿಲ ಮೇಣಿಯನ್ನೋ ಬಡಗಿಯ ಬಾಚಿಯನ್ನೋ ಹಿಡಿಯೋಕೆ ನಾಚದವರಾಗಿರಬೇಕು ಅಂತ. ಮಡಿ ಮಾಡ್ಕೊಂಡು ದೂರ ನಿಲ್ಲೋ ಮೇಷ್ಟ್ರು ಮಕ್ಕಳಿಗೆ ಏನೂ ಕಲಿಸಲಾರ ಅಂತ ಅವರು ಅವತ್ತೇ ಕಂಡಿದ್ದರು.

ನಮ್ಮ ನಾಡಿಗೆ ಬನ್ನಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಒಂದು ಕೆಲಸ ಶುರುವಾಯ್ತು. ಕಾಡಂಚಿನ ತಾಲ್ಲೂಕು, ಜೇನುಕುರುಬರ ಹಾಡಿಗಳಿರೋ ತಾಲ್ಲೂಕು. ಅಲ್ಲಿಯ ಸರ್ಕಾರಿ ಶಾಲೆ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಕಾರ್ಡುಗಳಿಂದ ಕಲಿಸೋದನ್ನ ನೋಡಿ ಬಂದರು. ಯುನಿಸೆಫ್ ನೆರವು ಕೊಟ್ಟಿತು. ಮೇಷ್ಟ್ರುಗಳೇ ಕೂತು ಕನ್ನಡದಲ್ಲಿ ಕಾರ್ಡು ತಯಾರು ಮಾಡಿದರು. ಅದೇ ನಲಿ-ಕಲಿ. 2009-10ರಲ್ಲಿ ಸರ್ಕಾರ ಅದನ್ನ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿಸಿತು.

ಅದರಲ್ಲಿ ನಮಗೆ ಮುಖ್ಯವಾದದ್ದು ಎರಡು. ಒಂದು, ಏಣಿ. ಕಲಿಯೋದನ್ನ ಸಣ್ಣ ಸಣ್ಣ ಮೆಟ್ಟಿಲು ಮಾಡಿ ಕಾರ್ಡುಗಳಲ್ಲಿ ಇಟ್ಟಿದ್ದಾರೆ. ರಾಗಿ ಕುಯ್ಲಿಗೋ ತಮ್ಮನ್ನ ನೋಡ್ಕೊಳ್ಳೋಕೋ ಹತ್ತು ದಿನ ತಪ್ಪಿಸಿಕೊಂಡ ಮಗು, ವಾಪಸ್ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತೆ. ಹಳೇ ಪದ್ಧತಿಯಲ್ಲಿ ಅಷ್ಟರೊಳಗೆ ಪಾಠ ಮುಂದೆ ಹೋಗಿ, ಮಗು ‘ದಡ್ಡ’ ಆಗಿಬಿಡ್ತಿತ್ತು. ಎರಡು, ಗುಂಪು. ಮಕ್ಕಳು ನೆಲದ ಮೇಲೆ ಸುತ್ತ ಕೂರ್ತಾರೆ. ಐದು ಗುಂಪು. ಒಂದಕ್ಕೆ ಮೇಷ್ಟ್ರ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರ್ಧ, ಎರಡು ಗುಂಪಿನಲ್ಲಿ ಮಕ್ಕಳಿಗೆ ಮಕ್ಕಳೇ ಸಹಾಯ, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತೆ. ಗುಂಪು ಆಗೋದು ಯಾವ ಮೆಟ್ಟಿಲಲ್ಲಿದ್ದೀಯ ಅನ್ನೋದರ ಮೇಲೆ. ಊರಿನ ಮಗು, ಕೇರಿಯ ಮಗು ಒಂದೇ ಕಾರ್ಡಿನ ಮೇಲೆ ಬೆರಳಿಡಬೇಕು. ಸರಿಯಾಗಿ ನಡೆದರೆ ಇದು ಭಾಷಣವಿಲ್ಲದ ಜಾತಿ ವಿನಾಶದ ಪಾಠ.

ಸರಿಯಾಗಿ ನಡೆದರೆ. ಈ ಮಾತಿಗೆ ಗೆರೆ ಎಳ್ಕೊಳ್ಳಿ. ನಿಮ್ಮೂರ ಶಾಲೆಗೆ ಹೋದಾಗ ನೋಡಿ: ಕಾರ್ಡುಗಳು ಮಕ್ಕಳ ಕೈಯಲ್ಲಿವೆಯೋ, ಹರಿದುಹೋಗ್ತವೆ ಅಂತ ಬೀರುವಿನಲ್ಲಿವೆಯೋ? ಗುಂಪುಗಳಲ್ಲಿ ಮಕ್ಕಳು ಬೆರೆತಿದ್ದಾರೋ, ಮತ್ತೆ ಕೇರಿಯೇ ಒಂದು ಗುಂಪಾಗಿದೆಯೋ? 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆ ಮಗುವನ್ನ ಹೊಡೆಯೋದನ್ನ ನಿಷೇಧ ಮಾಡಿದೆ, ಚಟುವಟಿಕೆಯ ಮೂಲಕ ಕಲಿಸಿ ಅಂತ ಹೇಳಿದೆ. ಅದೇ ಕಾಯಿದೆ, ಅರವತ್ತು ಮಕ್ಕಳವರೆಗೆ ಇಬ್ಬರು ಮೇಷ್ಟ್ರು ಸಾಕು ಅಂತಲೂ ಹೇಳುತ್ತೆ. ಐದು ತರಗತಿ, ಇಬ್ಬರು ಮೇಷ್ಟ್ರು. ಮೇಷ್ಟ್ರನ್ನ ಬಯ್ಯೋಕೆ ಮೊದಲು ಇದೂ ಗೊತ್ತಿರಲಿ.

ಇನ್ನೊಂದು ಎಚ್ಚರಿಕೆ. ‘ಕೈಯಿಂದ ಕಲಿಯಲಿ’ ಅಂತ ಯಾರಾದರೂ ಅಂದರೆ, ಏನನ್ನ ಅಂತ ತಕ್ಷಣ ಕೇಳಿ. 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಗೋಪಾಲಾಚಾರಿ ಒಂದು ಯೋಜನೆ ತಂದರು. ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಓದಲಿ, ಉಳಿದ ಹೊತ್ತು ಅಪ್ಪನ ಕಸುಬು ಕಲೀಲಿ ಅಂತ. ಅಂದರೆ ಚಪ್ಪಲಿ ಹೊಲಿಯುವವನ ಮಗ ಚಪ್ಪಲಿ ಹೊಲೀಲಿ, ತೋಟಿಯ ಮಗ? ಪೆರಿಯಾರ್ ಅದನ್ನ ಕುಲಕಸುಬಿನ ಶಿಕ್ಷಣ ಅಂತ ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜರು ಬಂದು ಯೋಜನೆ ಕೈಬಿಟ್ಟರು.

ಹಳೇ ಕತೆ ಅನ್ನಬೇಡಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ ಸುದ್ದಿ ನಾವೆಲ್ಲ ಓದಿದ್ದೀವಿ. ಶಾಲೆ ನಮ್ಮ ಮಗುವಿನ ಕೈಗೆ ಸೀಮೆಸುಣ್ಣಕ್ಕಿಂತ ಮೊದಲು ಪೊರಕೆ ಕೊಡುತ್ತೆ. ಗುಡಿಸೋದು ಕೀಳಲ್ಲ. ಎಲ್ಲ ಮಕ್ಕಳೂ ಸರದಿ ಮೇಲೆ ಗುಡಿಸಲಿ, ಮೇಷ್ಟ್ರೂ ಗುಡಿಸಲಿ. ಒಂದೇ ಕೇರಿಯ ಕೈಗೆ ಪೊರಕೆ ಬಂದರೆ ಅದು ಪಾಠವಲ್ಲ, ಜೀತ. ಬರೀಬೇಕಾದ ಕೈಯನ್ನ ಏಕಲವ್ಯನ ಕಾಲದಿಂದಲೂ ಹೀಗೇ ಕೇಳ್ತಾ ಬಂದಿದ್ದಾರೆ.

ಹಾಗಾದರೆ ನಾವು ಮಾಡಬೇಕಾದ್ದೇನು? ಬೇಸಿಗೆ ರಜೆಗೆ ಊರಿಗೆ ಹೋಗ್ತೀರಿ. ಒಂದು ತಿಂಗಳು, ದಿನಾ ಸಂಜೆ ಒಂದು ಗಂಟೆ, ಕೇರಿಯ ಮರದಡಿ ಹತ್ತು ಮಕ್ಕಳನ್ನ ಕೂರಿಸಿಕೊಳ್ಳಿ. ದುಡ್ಡು ಬೇಕಾಗಿಲ್ಲ.

ಮೊದಲು ಆ ಪೊರಕೆಯನ್ನೇ ಬಿಚ್ಚಿ. ತೆಂಗಿನ ಕಡ್ಡಿಗಳನ್ನ ಗೇಣುದ್ದ ಮುರಿದು, ಹತ್ತು ಹತ್ತಕ್ಕೆ ಒಂದು ಕಟ್ಟು ಕಟ್ಟಿಸಿ. ಮೂವತ್ತೆರಡು ಅಂದರೆ ಮೂರು ಕಟ್ಟು, ಎರಡು ಬಿಡಿ. ಇದರಲ್ಲಿ ಹದಿನೇಳು ಕಳೀಬೇಕು. ಶಾಲೆಯಲ್ಲಿ ‘ಪಕ್ಕದ ಮನೆಯಿಂದ ಒಂದು ಸಾಲ ತಗೋ’ ಅಂತಾರೆ. ನಮ್ಮ ಮಗು ಕಕ್ಕಾಬಿಕ್ಕಿ ಆಗುತ್ತೆ, ಯಾಕಂದ್ರೆ ಸಾಲ ಅಂದರೇನು ಅಂತ ಅದಕ್ಕೆ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು. ತೀರಿಸೋದು ಯಾವಾಗ ಅಂತ ಕಾಯುತ್ತೆ! ನೀವು ಸಾಲದ ಮಾತೇ ಎತ್ತಬೇಡಿ. ಎರಡರಲ್ಲಿ ಏಳು ತೆಗೆಯೋಕಾಗಲ್ಲ, ಏನು ಮಾಡೋಣ ಅಂತ ಕೇಳಿ. ಯಾವುದಾದರೂ ಮಗು ಒಂದು ಕಟ್ಟು ಬಿಚ್ಚೇ ಬಿಚ್ಚುತ್ತೆ. ಬಿಡಿ ಹನ್ನೆರಡಾಯ್ತು. ಏಳು ತೆಗೆದರೆ ಐದು. ಉಳಿದ ಎರಡು ಕಟ್ಟಿನಲ್ಲಿ ಒಂದು ತೆಗೆದರೆ ಒಂದು. ಹದಿನೈದು. ಮಗುವೇ ಕಂಡ್ಕೊಂಡ ಲೆಕ್ಕವನ್ನ ಯಾವ ಗೌಡನೂ ಕಿತ್ಕೊಳ್ಳಲಾರ. ಮುಂದೆ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತೋ ಮೊದಲು ಅದೇ ಕೈ ಲೆಕ್ಕ ಹಾಕುತ್ತೆ.

ಅಕ್ಷರಕ್ಕೆ ಮರಳಿದೆ, ಜೇಡಿಮಣ್ಣಿದೆ, ಹುಣಿಸೆ ಬೀಜ ಇದೆ. ಅ ಆ ಇ ಈ ಅಂತ ಐವತ್ತನ್ನೂ ಒಂದೇ ಉಸಿರಿಗೆ ಕೂಗಿಸಬೇಡಿ. ನಲಿ-ಕಲಿಯ ಹಾಗೆ ರ, ಗ, ಸ, ದ, ಅ ಈ ಐದರಿಂದ ಶುರು ಮಾಡಿ. ಮಣ್ಣಲ್ಲಿ ಮಾಡಿಸಿ, ಬೀಜ ಜೋಡಿಸಿ, ನೆಲದ ಮೇಲೆ ದೊಡ್ಡದಾಗಿ ಬರೆದು ಅದರ ಮೇಲೆ ನಡೆಸಿ. ಆಮೇಲೆ ರಟ್ಟಿನ ಚೂರಲ್ಲಿ ಬರೆದು ‘ಅರಸ’ ಅಂತ ಜೋಡಿಸಿ. ನಡುವಿನ ರ ತೆಗೆದು ಗ ಇಡಿ. ಅರಸ ಹೋಗಿ ಅಗಸ ಆದ! ಮಕ್ಕಳು ಬಿದ್ದು ಬಿದ್ದು ನಗ್ತಾರೆ. ನಗಲಿ. ಅರಸನಿಗೂ ಅಗಸನಿಗೂ ಇರೋ ಅಂತರ ಒಂದಕ್ಷರ, ಅದನ್ನ ಇಟ್ಟದ್ದೂ ಕೈ, ತೆಗೆದದ್ದೂ ಕೈ. ದೊಡ್ಡವರಾದ ಮೇಲೆ ಉಳಿದದ್ದು ಅವರೇ ಯೋಚಿಸ್ತಾರೆ. ಮುಂದೆ ಜ, ವ, ಮ, ಬ, ನ ಸೇರಿಸಿ. ಈಗ ದನ ಅಂತ ಬರೀಬಹುದು, ಬರ ಅಂತ ಬರೀಬಹುದು. ಜನ ಅಂತ ಬರೀಬಹುದು. ಸಮ ಅಂತಲೂ ಬರೀಬಹುದು. ಹತ್ತಕ್ಷರಕ್ಕೆ ಇಷ್ಟು ಸಾಧ್ಯ.

ಮೂರು ಕಟ್ಟುಪಾಡು. ಕೈಗೆ ಕೋಲು ತಗೋಬೇಡಿ, ನಮಗೆ ಬಿದ್ದ ಏಟು ನಮ್ಮಲ್ಲೇ ಮುಗೀಲಿ. ಮಗು ‘ಆಲು’ ಅಂದರೆ ‘ಹಾಲು’ ಅನ್ನು ಅಂತ ಗದರಬೇಡಿ. ಮೊದಲು ಅದು ಹೇಳಿದ್ದನ್ನ ಕೇಳಿ, ಬರೆಯೋವಾಗ ಹ ತಾನಾಗೇ ಬರುತ್ತೆ. ಅವ್ವನ ನುಡಿಗೆ ನಾಚಿದ ಮಗು ಬಾಯೇ ತೆರೆಯಲ್ಲ. ಮೂರನೆಯದು, ಮಗುವಿನ ಕೈ ಹಿಡಿದು ತಿದ್ದಿಸಿ. ನಮ್ಮೊಳಗೂ ಬಲ ಎಡ ಅಂತ ಗೆರೆಗಳಿವೆಯಲ್ಲ, ಆ ಗೆರೆ ದಾಟಿ ಪಕ್ಕದ ಕೇರಿಯ ಮಗುವನ್ನೂ ಕರೀರಿ, ಅದರ ಕೈಯನ್ನೂ ಹಿಡೀರಿ. ಊರಿನ ಮಗು ಬಂದರೆ ಅದಕ್ಕೂ ಜಾಗ ಕೊಡಿ.

ಹೋರಾಟ ಅಂದರೆ ಮೆರವಣಿಗೆ, ಘೋಷಣೆ, ಜೈಲು ಅಂದ್ಕೊಂಡಿದ್ದೀವಿ. ಅವೂ ಬೇಕು. ಘೋಷಣೆ ಬರೆದ ಗೋಡೆಯನ್ನ ಓದೋಕೆ ಬಾರದ ಕೇರಿಗೆ ಆ ಘೋಷಣೆ ಯಾರದು? ಶಿಕ್ಷಣ, ಸಂಘಟನೆ, ಹೋರಾಟ ಅಂತ ಬಾಬಾಸಾಹೇಬರ ಹೆಸರಲ್ಲಿ ಕೂಗೋವಾಗ ಮೊದಲನೇ ಮಾತು ಯಾವುದು ಅಂತ ನೆನಪಿರಲಿ.

ರಜೆಗೆ ಇನ್ನು ಎಷ್ಟು ದಿನ ಅಂತ ನಿಮಗೇ ಗೊತ್ತು. ಇವತ್ತೇ ಹೆಸರು ಬರೆಸಿ: ಯಾರು, ಯಾವ ಊರು, ಎಷ್ಟು ಮಕ್ಕಳು. ರಜೆ ಮುಗಿಸಿ ಬಂದ ಮೇಲೆ ಇದೇ ಜಾಗದಲ್ಲಿ ಕೂತು, ಎಷ್ಟು ಮಕ್ಕಳು ತಮ್ಮ ಹೆಸರು ತಾವೇ ಬರೆದರು ಅಂತ ಲೆಕ್ಕ ಒಪ್ಪಿಸೋಣ.

ಜೈಭೀಮ್.