ಸಪ್ಪಳ ಬೇರಿಂಗಿನದು, ತಪ್ಪು ಸೀಲಿನದು

ನಾನು ಒಂಬತ್ತು ವರ್ಷದಿಂದ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತಿದ್ದೀನಿ. ಎಂಟೆಕ್ ಆಗಿದೆ, ಆದರೆ ಹೋದ ವರ್ಷದವರೆಗೂ ಕೈಯಲ್ಲಿ ಸ್ಪ್ಯಾನರ್ ಹಿಡಿದವನಲ್ಲ. ಇವತ್ತು ಮಾತಾಡೋದು ನಮ್ಮನೆ ವಾಷಿಂಗ್ ಮೆಷಿನ್ನಿನ ಬೇರಿಂಗ್ ಬಗ್ಗೆ. ನಗಬೇಡಿ. ನಿಮ್ಮನೆಯಲ್ಲಿ ಐದಾರು ವರ್ಷ ಹಳೆಯ ಫ್ರಂಟ್ ಲೋಡ್ ಮೆಷಿನ್ ಇದ್ದರೆ ಇದು ನಿಮಗೂ ಬೇಕಾಗುತ್ತೆ.

ನಮ್ಮದು 7 ಕೆಜಿ ಮೆಷಿನ್. ಮೊದಲು ಸ್ಪಿನ್ ಹೊತ್ತಲ್ಲಿ ಮಾತ್ರ ಸಣ್ಣಗೆ ಗುಂಯ್ ಅಂತಿತ್ತು. ನಾನು ಹೆಡ್‌ಫೋನ್ ಹಾಕ್ಕೊಂಡು ಮೀಟಿಂಗ್‌ನಲ್ಲಿ ಇರ್ತಿದ್ದೆ, ತಲೆ ಕೆಡಿಸಿಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಅದು ಗರಗರ ಆಯಿತು. ಕೆಳಗಿನ ಮನೆಯ ಕಾಕೂ ಬಂದು, ಮಧ್ಯಾಹ್ನ ಮಲಗೋಕೆ ಆಗ್ತಿಲ್ಲ ಅಂದ್ರು. ಪುಣೆಯಲ್ಲಿ ಒಂದರಿಂದ ನಾಲ್ಕರ ನಿದ್ದೆ ಕೆಡಿಸೋದು ಎಂಥ ಅಪರಾಧ ಅಂತ ಇಲ್ಲಿರೋರಿಗೆ ಹೇಳಬೇಕಿಲ್ಲ.

ಸರ್ವೀಸ್‌ನವರು ಬಂದು, ಡ್ರಮ್ ಸೆಟ್ ಪೂರ್ತಿ ಬದಲಿಸಬೇಕು, ಒಂಬತ್ತು ಸಾವಿರ ಅಂದ್ರು. ಬಡಾವಣೆಯ ಮೆಕ್ಯಾನಿಕ್ 2,800 ರೂಪಾಯಿಗೆ ಎರಡೂ ಬೇರಿಂಗ್ ಹಾಕಿಕೊಟ್ಟ. ನಾಲ್ಕು ತಿಂಗಳು ಸದ್ದಿಲ್ಲ. ಐದನೇ ತಿಂಗಳು ಅದೇ ಗರಗರ. ಹೊಸ ಮೆಷಿನ್ ತಗೊಳ್ಳೋಣ ಅಂತ ನಾನೂ ಹೆಂಡತಿಯೂ ಆಫರ್ ನೋಡ್ತಾ ಕೂತ್ವಿ.

ನಮ್ಮಪ್ಪ ಬ್ಯಾಡಗಿ ಹತ್ತಿರದ ಊರಲ್ಲಿ ಮೂವತ್ತೆಂಟು ವರ್ಷ ಹಿಟ್ಟಿನ ಗಿರಣಿ ನಡೆಸಿದೋರು. ಫೋನಲ್ಲಿ ಸುಮ್ಮನೆ ಮಾತಿಗೆ ಅಂತ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಪಟ್ಟಾ ತಗದು ತಿರುವಿ ನೋಡಿಯೇನು?"

ಪಟ್ಟಾ ಅಂದ್ರೆ ಬೆಲ್ಟ್. ನಾವು ಆಫೀಸಲ್ಲಿ ಬಗ್ ಹುಡುಕುವಾಗ ಸಿಸ್ಟಮ್ ಅನ್ನು ಎರಡು ಭಾಗ ಮಾಡಿ, ತಪ್ಪು ಯಾವ ಕಡೆ ಇದೆ ಅಂತ ನೋಡ್ತೀವಲ್ಲ, ಅದನ್ನೇ ಅಪ್ಪ ಹೇಳಿದ್ದು. ನಮ್ಮ ಮೆಷಿನ್ನಿನ ಹಿಂದೆ ಒಂದು ದೊಡ್ಡ ಪುಲ್ಲಿ, ಕೆಳಗೆ ಮೋಟಾರು, ನಡುವೆ ಬೆಲ್ಟ್. ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಹಿಂದಿನ ತಗಡು ಬಿಚ್ಚಿ ಬೆಲ್ಟ್ ತೆಗೆದೆ. ಮೋಟಾರನ್ನು ಕೈಯಲ್ಲಿ ತಿರುಗಿಸಿದರೆ ಸದ್ದಿಲ್ಲ. ಡ್ರಮ್ ತಿರುಗಿಸಿದರೆ ಮರಳು ಅರೆದ ಹಾಗೆ. ತಪ್ಪು ಡ್ರಮ್ ಕಡೆ ಇತ್ತು.

ಬೆಲ್ಟ್ ತೆಗೆಯೋ ಮೊದಲೇ ಕಿವಿಯಲ್ಲಿ ಅರ್ಧ ಗೊತ್ತಾಗುತ್ತೆ. ಟಣ್ ಟಣ್ ಅಂದ್ರೆ ನಾಣ್ಯವೋ ಬಟನ್ನೋ ಡ್ರಮ್ಮಿನ ಹೊರಗೆ ಸಿಕ್ಕಿಕೊಂಡಿರಬಹುದು. ಕಿರ್ ಅಂತ ಕಿರುಚಿದರೆ ಬೆಲ್ಟ್ ನೋಡಿ. ಮೆಷಿನ್ ದಡದಡ ಕುಣಿದರೆ ಬಟ್ಟೆ ಒಂದೇ ಕಡೆ ಗುಡ್ಡೆಯಾಗಿರಬಹುದು, ಕಾಲು ಮಟ್ಟ ಇಲ್ಲದಿರಬಹುದು, ಶಾಕ್ ಅಬ್ಸಾರ್ಬರ್ ಸತ್ತಿರಬಹುದು. ಖಾಲಿ ಇದ್ದಾಗಲೂ ಗರಗರ, ವೇಗ ಏರಿದ ಹಾಗೆ ಜಾಸ್ತಿಯಾದರೆ ಮೊದಲ ಅನುಮಾನ ಬೇರಿಂಗ್ ಮೇಲೆ. ಒಗೆಯುವಾಗ ಡ್ರಮ್ ನಿಧಾನ ತಿರುಗುತ್ತೆ, 1200 ಆರ್‌ಪಿಎಂ ಸ್ಪಿನ್‌ನಲ್ಲಿ ಸೆಕೆಂಡಿಗೆ 20 ಸುತ್ತು. ಅದಕ್ಕೇ ಸ್ಪಿನ್‌ನಲ್ಲಿ ಮೊದಲು ಕೇಳಿಸೋದು. ಬಾಗಿಲು ತೆಗೆದು ಡ್ರಮ್ಮಿನ ಅಂಚನ್ನು ಮೇಲೆ ಕೆಳಗೆ ಎತ್ತಿ ನೋಡಿ. ಹೊರಗಿನ ಟಬ್ ಜೊತೆ ಅಲ್ಲದೆ ಒಳಗಿನ ಡ್ರಮ್ ಒಂದೇ ಲಟಲಟ ಅಲ್ಲಾಡಿದರೆ ಬೇರಿಂಗ್ ಹೋಗಿದೆ ಅಂತಲೇ ಲೆಕ್ಕ.

ಮುಂದಿನ ವಾರ ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಪ್ಪ ಬಂದ್ರು. ಬೆಲ್ಟ್ ಮತ್ತೆ ಹಾಕಿ ಸ್ಪಿನ್‌ಗೆ ಬಿಟ್ಟೆ. ಅವರು ಹತ್ತಿರ ಕೂತು ಕಿವಿಗೊಟ್ಟರು. ನಂಗೆ ಕಿವಿ ಮುಚ್ಚಿಕೊಳ್ಳೋ ಹಾಗೆ ಆಗ್ತಿತ್ತು. ಅವರು ತಲೆ ಅಲ್ಲಾಡಿಸಿ, "ಸಣ್ಣ ಸಪ್ಪಳ ನನಗ ಕೇಳಸವಲ್ದೋ ತಮ್ಮಾ" ಅಂದು ಅಂಗೈಯನ್ನು ಮೆಷಿನ್ ಮೇಲೆ ಇಟ್ಟರು. "ಹೌದು, ಹೋಗೈತಿ. ಆದ್ರ ಹೊಸಾದು ಇಷ್ಟ ಲಗೂ ಯಾಕ ಹೋತು? ಅದನ್ನ ನೋಡು."

ಇಬ್ಬರೂ ಸೇರಿ ಭಾನುವಾರ ಪೂರ್ತಿ ಬಿಚ್ಚಿದ್ವಿ. ಪ್ರತಿ ಹಂತದಲ್ಲೂ ನಾನು ಮೊಬೈಲಲ್ಲಿ ಫೋಟೋ ತೆಗೆದೆ. ಟಬ್ಬಿನ ಹಿಂಭಾಗ, ಶಾಫ್ಟಿನ ಸುತ್ತ ಕಂದು ಬಣ್ಣದ ತುಕ್ಕಿನ ಗೆರೆ ಇಳಿದಿತ್ತು. ಉತ್ತರ ಅಲ್ಲೇ ಇತ್ತು.

ಡ್ರಮ್ಮಿನ ಶಾಫ್ಟ್ ಎರಡು ಬೇರಿಂಗ್ ಮೇಲೆ ನಿಂತಿರುತ್ತೆ. ಆ ಬೇರಿಂಗಿಗೂ ನೀರಿಗೂ ನಡುವೆ ಇರೋದು ಒಂದು ರಬ್ಬರ್ ಸೀಲ್. ಅದರ ತುಟಿ ಸವೆದರೆ ಸೋಪಿನ ನೀರು ಒಳಗೆ ಹೋಗುತ್ತೆ, ಗ್ರೀಸ್ ತೊಳೆದು ಹೋಗುತ್ತೆ, ಗುಂಡುಗಳಿಗೆ ತುಕ್ಕು ಹಿಡಿಯುತ್ತೆ. ನಮಗೆ ಸಪ್ಪಳ ಕೇಳಿಸೋದು ಇಷ್ಟೆಲ್ಲ ಆದಮೇಲೆ. ಮೆಕ್ಯಾನಿಕ್ ಹಳೇ ಸೀಲನ್ನೇ ಒರೆಸಿ ಮತ್ತೆ ಹಾಕಿದ್ದ. ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡಿ ಟಿಕೆಟ್ ಕ್ಲೋಸ್ ಮಾಡ್ತೀವಲ್ಲ, ಹಾಗೆ. ಅವನನ್ನು ಬಯ್ಯೋ ಹಕ್ಕು ನನಗಿರಲಿಲ್ಲ, ಯಾಕಂದ್ರೆ ಕಡಿಮೆ ರೇಟಿಗೆ ಜಗ್ಗಿದ್ದು ನಾನೇ.

ಹಳೆಯದನ್ನೆಲ್ಲ ಡಬ್ಬಿಗೆ ಹಾಕ್ಕೊಂಡು ನಾನಾ ಪೇಟ್‌ಗೆ ಹೋದ್ವಿ. ಅಂಗಡಿಯವರ ಮೊದಲ ಮಾತು: "ಜುನಾ ಆಣಲಾಯ್ ಕಾ?" ಹಳೆಯದು ತಂದಿದ್ದೀರಾ ಅಂತ. ಬೇರಿಂಗ್ ಮೇಲೇ ನಂಬರ್ ಇರುತ್ತೆ. ನಮ್ಮದು 6205 ಮತ್ತು 6206. ಈ ಸರಣಿಯಲ್ಲಿ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳರಂಧ್ರದ ಅಳತೆ: 25 ಮಿ.ಮೀ., 30 ಮಿ.ಮೀ. ನಂಬರಿನ ಪಕ್ಕ ಝಡ್‌ಝಡ್ ಅಂತಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ. ಅದು ಧೂಳು ತಡೆಯುತ್ತೆ, ನೀರನ್ನಲ್ಲ. 2ಆರ್‌ಎಸ್ ಅಂದ್ರೆ ರಬ್ಬರ್ ಮುಚ್ಚಳ. ನಮ್ಮ ಮೆಷಿನ್ನಿಗೆ ಹಾಕಿದ್ದು ಝಡ್‌ಝಡ್. ಈ ಸಲ 2ಆರ್‌ಎಸ್ ತಗೊಂಡ್ವಿ. ನಕಲಿ ಬೇರಿಂಗ್‌ಗಳೂ ಸಿಗ್ತವೆ, ಹಾಗಾಗಿ ಬಿಲ್ ಕೊಡೋ ಅಂಗಡಿಯಲ್ಲೇ ತಗೊಳ್ಳಿ. ಜೊತೆಗೆ ಹೊಸ ಸೀಲ್, ನೀರಿಗೆ ಕರಗದ ಗ್ರೀಸ್. ಸೀಲ್ ಉಜ್ಜುವ ಜಾಗದಲ್ಲಿ ಶಾಫ್ಟ್ ಮೇಲೆ ಉಗುರು ಎಳೆದು ನೋಡಿ. ಗೀರು ಸಿಕ್ಕಿದರೆ ಹೊಸ ಸೀಲೂ ಉಳಿಯಲ್ಲ. ನಮ್ಮದು ನುಣುಪಾಗಿತ್ತು, ಅದೃಷ್ಟ.

ಕೂರಿಸೋದರಲ್ಲೂ ಒಂದು ವಿಷಯ ಇದೆ. ನಾನು ಸುತ್ತಿಗೆ ಎತ್ತಿದಾಗ ಅಪ್ಪ ಕೈ ಹಿಡಿದರು. ಟಬ್ಬಿನ ಗೂಡಿಗೆ ಕೂರಿಸುವಾಗ ಒತ್ತಡ ಹೊರಗಿನ ರಿಂಗಿನ ಮೇಲೇ ಬೀಳಬೇಕು. ಒಳಗಿನ ರಿಂಗಿಗೆ ಹೊಡೆದರೆ ಆ ಪೆಟ್ಟು ಗುಂಡುಗಳ ಮೂಲಕ ಹಾದು ಹೋಗಿ, ಅವು ಓಡುವ ದಾರಿಯಲ್ಲಿ ಸಣ್ಣ ಗುಳಿ ಬೀಳುತ್ತೆ, ಹೊಸ ಬೇರಿಂಗ್ ಮೊದಲ ದಿನವೇ ಸಪ್ಪಳ ಮಾಡುತ್ತೆ. ನನ್ನ ಕಡೆಯಿಂದ ಒಂದು ಉಪಾಯ: ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಗಂಟೆ ಫ್ರೀಜರ್‌ನಲ್ಲಿಟ್ಟೆ. 25 ಡಿಗ್ರಿಯಿಂದ ಮೈನಸ್ 18ಕ್ಕೆ ಇಳಿದರೆ 52 ಮಿ.ಮೀ. ಉಕ್ಕಿನ ರಿಂಗ್ ಸುಮಾರು 0.027 ಮಿ.ಮೀ. ಕುಗ್ಗುತ್ತೆ. ಕೂದಲೆಳೆಗಿಂತ ಕಡಿಮೆ, ಆದರೂ ಸಲೀಸಾಗಿ ಕೂತಿತು. ಎಂಟೆಕ್ ಓದಿದ್ದಕ್ಕೆ ಅಪ್ಪ ಅವತ್ತು ಮೊದಲ ಸಲ ಸಮಾಧಾನಪಟ್ಟರು ಅನ್ಸುತ್ತೆ.

ಎಲ್ಲ ಮೆಷಿನ್ನಲ್ಲೂ ಹೀಗೆ ಆಗಲ್ಲ. ನಮ್ಮ ಟಬ್ಬಿಗೆ ಸ್ಕ್ರೂ ಇತ್ತು. ಕೆಲವು ಮಾಡೆಲ್‌ಗಳಲ್ಲಿ ಟಬ್ಬಿನ ಎರಡು ಭಾಗ ಬೆಸುಗೆ ಹಾಕಿರ್ತಾರೆ, ಬಿಚ್ಚೋಕೇ ಬರಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿದ್ದು ಇಂಥ ವಿಷಯಕ್ಕೇ. ಮುಂದಿನ ಸಲ ಅಂಗಡಿಯಲ್ಲಿ ಆರ್‌ಪಿಎಂ, ವೈಫೈ ಕೇಳುವಾಗ "ಟಬ್ ಬಿಚ್ಚೋಕೆ ಬರುತ್ತಾ?" ಅಂತಲೂ ಕೇಳಿ. ನೀವೇ ಬಿಚ್ಚಲೇಬೇಕು ಅಂತ ನಾನು ಹೇಳ್ತಿಲ್ಲ. ಮೆಕ್ಯಾನಿಕ್ ಬಂದಾಗ ಮೂರು ಮಾತು ಸಾಕು: ಬೆಲ್ಟ್ ತೆಗೆದು ನೋಡಿದ್ರಾ? ಸೀಲ್ ಹೊಸದಾ? ಹಳೇ ಬೇರಿಂಗ್ ನನ್ನ ಕೈಗೆ ಕೊಡ್ತೀರಾ?

ಮೆಷಿನ್ ಹನ್ನೊಂದು ತಿಂಗಳಿಂದ ಸುಮ್ಮನೆ ಓಡ್ತಿದೆ. ಕಾಕೂ ನಿದ್ದೆ ಮಾಡ್ತಿದ್ದಾರೆ.

ಆದರೆ ಆ ಭಾನುವಾರ ನನಗೆ ಉಳಿದದ್ದು ಅಪ್ಪನ "ಕೇಳಸವಲ್ದೋ" ಅನ್ನೋ ಮಾತು. ಮೂರ್ನಾಲ್ಕು ವರ್ಷದಿಂದ ಫೋನಲ್ಲಿ ಅವರು "ಆಂ? ಆಂ?" ಅಂತಿದ್ರು. ನೆಟ್‌ವರ್ಕ್ ಸರಿಯಿಲ್ಲ ಅಂತ ನಾನು ಅಂದ್ಕೊಂಡಿದ್ದೆ. ಊರಿಗೆ ಹೋಗೋ ಮೊದಲು ಕಿವಿ ಡಾಕ್ಟರ ಹತ್ತಿರ ಕರಕೊಂಡು ಹೋದೆ. ವರ್ಷಗಟ್ಟಲೆ ದೊಡ್ಡ ಸಪ್ಪಳದಲ್ಲಿ ಇದ್ದೋರಿಗೆ ಮೊದಲು ಹೋಗೋದು 4000 ಹರ್ಟ್ಸ್ ಆಸುಪಾಸಿನ ಸಣ್ಣ ದನಿಗಳು. ಅಪ್ಪನ ರಿಪೋರ್ಟಲ್ಲಿ ಗೆರೆ ಅಲ್ಲೇ ಕುಸಿದಿತ್ತು, ಎರಡೂ ಕಿವಿಯಲ್ಲಿ. ಹೋದದ್ದು ವಾಪಸ್ ಬರಲ್ಲ. ಈಗ ಮಷೀನ್ ಹಾಕ್ಕೊಳ್ತಾರೆ, ಮೊಮ್ಮಗಳ ಮಾತು ಕೇಳಿಸುತ್ತೆ ಅಂತಾರೆ.

ನಿಮ್ಮೂರಲ್ಲೂ ಗಿರಣಿ, ಮಗ್ಗ, ಕಾರ್ಖಾನೆಯಲ್ಲಿ ದುಡಿದೋರು ಇದ್ದರೆ ಸಲ ಹೋದಾಗ ಒಮ್ಮೆ ಕಿವಿ ತೋರಿಸಿ. ಬೇರಿಂಗ್ ಸಿಗುತ್ತೆ ನಾನಾ ಪೇಟ್‌ನಲ್ಲಿ, ಇದು ಸಿಗಲ್ಲ. ಪ್ರಶ್ನೆ ಇದ್ದರೆ ಕೇಳಿ.